ಎರಡನೇ ಪದವಿಗೆ ಸೇರುವ ಮೊದಲು



ಜೂನ್ ಬಂತೆಂದರೆ ನಮ್ಮ ಬಸದಿಯ ಪಡಸಾಲೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ಕೆಲಸ ಶುರುವಾಗುತ್ತದೆ. ಮೊದಲೆಲ್ಲ ಬರುತ್ತಿದ್ದವರು ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳು. ಈಚೆಗೆ ಮೂವತ್ತು ದಾಟಿದವರೂ ಬರುತ್ತಿದ್ದಾರೆ. ಕೈಯಲ್ಲಿ ಬಿ.ಕಾಂ. ಇದೆ, ಆದರೆ ಅಪ್ಪನ ಅಂಗಡಿ ಮೊದಲಿನಂತೆ ನಡೆಯುತ್ತಿಲ್ಲ. ಇಲ್ಲವೇ ಮದುವೆಯಾಗಿ ಹತ್ತು ವರ್ಷ ಮನೆ ನೋಡಿಕೊಂಡ ಸೊಸೆಗೆ ಈಗ ಶಿಕ್ಷಕಿಯಾಗುವ ಮನಸ್ಸು. "ಕಾಕಾ, ಮತ್ತೊಮ್ಮೆ ಡಿಗ್ರಿ ಮಾಡಬಹುದೇನ್ರಿ?" ಎಂದು ಕೇಳುತ್ತಾರೆ.

ಮಾಡಬಹುದು. ಒಂದು ಪದವಿ ಇದ್ದವರು ಇನ್ನೊಂದಕ್ಕೆ ಸೇರಬಾರದು ಎಂಬ ನಿಯಮವಿಲ್ಲ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ನಾವು ಹೋಗಬೇಕೆಂದಿರುವ ಕೆಲಸಕ್ಕೆ ಎರಡನೇ ಪದವಿ ಬೇಕೇ ಬೇಕೇ ಎಂದು. ವಕೀಲಿ, ನರ್ಸಿಂಗ್, ಫಾರ್ಮಸಿ, ಶಾಲಾ ಶಿಕ್ಷಕ ವೃತ್ತಿ ಇವುಗಳಿಗೆ ಇಂಥದೇ ಓದು ಆಗಿರಬೇಕು ಎಂದು ಕಾನೂನೇ ಹೇಳುತ್ತದೆ. ಅಲ್ಲಿ ಬೇರೆ ದಾರಿ ಇಲ್ಲ. ಉಳಿದ ಎಷ್ಟೋ ಕೆಲಸಗಳಿಗೆ ಮತ್ತೆ ಮೂರು ವರ್ಷ ಪದವಿ ಓದುವ ಅಗತ್ಯವೇ ಬೀಳುವುದಿಲ್ಲ. ಕಂಪ್ಯೂಟರ್ ಕಡೆ ಹೋಗಬೇಕೆನ್ನುವ ಬಿ.ಕಾಂ. ಹುಡುಗ ಬಿಸಿಎಗೆ ಸೇರಲು ಹೊರಟಿದ್ದ. ಎಂಸಿಎ ಈಗ ಎರಡೇ ವರ್ಷದ ಕೋರ್ಸು. ಪಿಯುಸಿಯಲ್ಲಾಗಲಿ ಪದವಿಯಲ್ಲಾಗಲಿ ಗಣಿತ ಓದಿದ್ದರೆ ಸಾಕು, ನೇರ ಅದಕ್ಕೇ ಹೋಗಬಹುದು. ಹಾಗೆಯೇ ಬಿ.ಕಾಂ.ನಲ್ಲಿ ಶೇ. 55 ಅಂಕ ಇದ್ದವರು ಸಿಎ ಫೌಂಡೇಶನ್ ಬರೆಯದೆ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಲೆಕ್ಕಪತ್ರದ ಮನೆಯಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಇದು ತಿಳಿದಿರುವುದಿಲ್ಲ ಎಂಬುದು ನನಗೆ ಈಗಲೂ ಆಶ್ಚರ್ಯ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಎರಡನೇ ಪದವಿಗೆ ಸೇರುವಾಗ ಅನೇಕ ಕಡೆ ನೋಡುವುದು ನಿಮ್ಮ ಮೊದಲ ಪದವಿಯನ್ನಲ್ಲ, ಪಿಯುಸಿಯನ್ನು. ಪಿಯುಸಿ ವಾಣಿಜ್ಯ ಮಾಡಿದವರಿಗೆ ಬಿ.ಎಸ್ಸಿ. ನರ್ಸಿಂಗ್, ಬಿ.ಫಾರ್ಮ ಸಿಗುವುದಿಲ್ಲ, ಬೇಕಾದರೆ ವಿಜ್ಞಾನದ ಪಿಯುಸಿ ಮತ್ತೆ ಮಾಡಬೇಕು. ಮೂರು ವರ್ಷದ ಜಿ.ಎನ್.ಎಂ. ನರ್ಸಿಂಗ್ ಡಿಪ್ಲೊಮಾಗೆ ಮಾತ್ರ ಕಲಾ, ವಾಣಿಜ್ಯದವರನ್ನೂ ತೆಗೆದುಕೊಳ್ಳುತ್ತಾರೆ. ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಪದವಿಯೂ ಹಾಗೆ, ಪಿಯುಸಿ ಯಾವ ವಿಭಾಗವಾದರೂ ನಡೆಯುತ್ತದೆ. ಪಾಠ ಮನೆಯಲ್ಲಿ, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ಆದರೆ ಮೊದಲ ನಾಲ್ಕು ವಾರದ ಪಾಠ ಮುಗಿಸಿ ಅರ್ಹತಾ ಪರೀಕ್ಷೆ ಪಾಸಾಗಬೇಕು. ಗಣಿತದ ಹೆದರಿಕೆ ಇರುವವರಿಗಲ್ಲ.

ಇನ್ನು ವಕೀಲಿಯ ವಿಚಾರ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಲ್ಲಿ ತಪ್ಪು ಮಾಡಿದವನು ನಾನೇ.

ಕೆಲವು ವರ್ಷಗಳ ಹಿಂದೆ ನಮ್ಮ ಬಳಗದ ಒಬ್ಬ ಹುಡುಗ ಬಟ್ಟೆ ಅಂಗಡಿ ಮುಚ್ಚಿ ವಕೀಲನಾಗುತ್ತೇನೆಂದ. ಒಬ್ಬ ಏಜೆಂಟ್ ಸಿಕ್ಕ. ಹೊರರಾಜ್ಯದ ವಿಶ್ವವಿದ್ಯಾಲಯ, ಕ್ಲಾಸಿಗೆ ಹೋಗಬೇಕಿಲ್ಲ, ಪರೀಕ್ಷೆಗೆ ಮಾತ್ರ ಬನ್ನಿ ಎಂದ. ನಾನೂ ಪಿಯುಸಿಗೇ ಗಲ್ಲಾದ ಮೇಲೆ ಕುಳಿತವನು. ಇಷ್ಟು ಸುಲಭವಾಗಿ ಆಗುವುದಾದರೆ ಆಗಲಿ ಎಂದು ಜೊತೆಗೆ ಹೋಗಿ ಮುಂಗಡ ಕೊಡಿಸಿದೆ. ಎರಡು ವರ್ಷ ಕಳೆದ ಮೇಲೆ ಪರಿಚಯದ ವಕೀಲರೊಬ್ಬರು ಕಾಗದ ನೋಡಿ, ಇದರ ಮೇಲೆ ಸನ್ನದು ಸಿಗುವುದಿಲ್ಲ ಎಂದರು. ಕೊಟ್ಟ ಹಣ ಬರಲಿಲ್ಲ. ಆ ಹುಡುಗ ಈಗಲೂ ನನ್ನನ್ನು ಕಂಡರೆ ಗೌರವದಿಂದಲೇ ಮಾತನಾಡಿಸುತ್ತಾನೆ, ಅದೇ ನನಗೆ ಹೆಚ್ಚು ನೋವು.

ನಿಯಮ ಸ್ಪಷ್ಟವಾಗಿಯೇ ಇದೆ. ಯಾವುದೇ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಇದ್ದರೆ ಮೂರು ವರ್ಷದ ಎಲ್ಎಲ್‌ಬಿಗೆ ಸೇರಬಹುದು. ಆ ಮೊದಲ ಪದವಿ ದೂರಶಿಕ್ಷಣದ್ದಾದರೂ ಆಗುತ್ತದೆ. ಎಲ್ಎಲ್‌ಬಿ ಮಾತ್ರ ಕಾಲೇಜಿಗೆ ಹೋಗಿಯೇ ಓದಬೇಕು. ಭಾರತೀಯ ವಕೀಲರ ಪರಿಷತ್ತು ಶೇ. 70 ಹಾಜರಾತಿ ಕೇಳುತ್ತದೆ, ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೇ ನಡೆಯಬೇಕು. ಅಂದರೆ ಹಗಲು ಅಂಗಡಿ, ರಾತ್ರಿ ಕಾಲೇಜು ಎಂಬ ಲೆಕ್ಕ ಇಲ್ಲಿ ನಡೆಯದು. ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಜುಲೈ 2024ರಲ್ಲಿ ಹೇಳಿದೆ.

ವ್ಯಾಪಾರಸ್ಥ ಕುಟುಂಬಗಳು ಮುಖ್ಯವಾಗಿ ಗಮನಿಸಬೇಕಾದದ್ದು ಇನ್ನೊಂದಿದೆ. ಸನ್ನದು ಪಡೆದ ವಕೀಲ ಸ್ವತಃ ವ್ಯಾಪಾರ ನಡೆಸುವಂತಿಲ್ಲ, ಪೂರ್ಣಾವಧಿ ಸಂಬಳದ ನೌಕರಿಯನ್ನೂ ಮಾಡುವಂತಿಲ್ಲ. ವಕೀಲ ವೃತ್ತಿಯ ಘನತೆಗೆ ಒಪ್ಪುವ ವ್ಯಾಪಾರವಾದರೆ ಫರ್ಮಿನಲ್ಲಿ ಸ್ಲೀಪಿಂಗ್ ಪಾರ್ಟ್‌ನರ್ ಆಗಿ ಇರಬಹುದು, ಅಷ್ಟೇ. ಅಂಗಡಿ ನಿಮ್ಮ ಹೆಸರಿನಲ್ಲಿದ್ದು ದಿನವೂ ನೀವೇ ಕೂರುವವರಾದರೆ ಅದನ್ನು ಯಾರಿಗೆ ಒಪ್ಪಿಸುತ್ತೀರಿ ಎಂಬುದನ್ನು ಅಣ್ಣತಮ್ಮಂದಿರು ಕೂತು ಮೊದಲೇ ಮಾತಾಡಿಕೊಳ್ಳಿ. ಮೂರು ವರ್ಷ ಓದಿದ ಮೇಲೆ ಈ ಮಾತು ಎದ್ದರೆ ಮನೆ ಒಡೆಯುತ್ತದೆ.

ಶಿಕ್ಷಕಿಯಾಗಬೇಕೆನ್ನುವ ಹೆಣ್ಣುಮಕ್ಕಳು ನಮ್ಮಲ್ಲಿ ಹೆಚ್ಚು. ಬಿ.ಇಡಿ. ಈಗ ಎರಡು ವರ್ಷ. ದೂರಶಿಕ್ಷಣದಲ್ಲಿಯೂ ಬಿ.ಇಡಿ. ಇದೆ ನಿಜ, ಆದರೆ ಅದು ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ. ಒಂದರಿಂದ ಐದನೇ ತರಗತಿಗೆ ಬಿ.ಇಡಿ. ನಡೆಯುವುದಿಲ್ಲ, ಡಿ.ಎಲ್.ಇಡಿ. ಬೇಕು ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 2023ರಲ್ಲಿ ತೀರ್ಪು ಕೊಟ್ಟಿದೆ. ಪುಟ್ಟ ಮಕ್ಕಳಿಗೇ ಕಲಿಸುವ ಆಸೆ ಇದ್ದವರು ಬಿ.ಇಡಿ.ಗೆ ಹಣ ಕಟ್ಟಬೇಡಿ.

ಹೈಸ್ಕೂಲಿನಲ್ಲಿ ಪದವಿಯಲ್ಲಿ ಓದಿದ ವಿಷಯ ಮುಖ್ಯ. ಕಳೆದ ವರ್ಷ ಬಂದಿದ್ದ ಒಬ್ಬ ತಂಗಿಗೆ ಕನ್ನಡ ಕಲಿಸುವ ಆಸೆ, ಕೈಯಲ್ಲಿದ್ದದ್ದು ಬಿ.ಕಾಂ. ಇಂಥವರಿಗೆ ಎರಡನೇ ಪದವಿ ನಿಜವಾಗಿಯೂ ಬೇಕು. ಬಿ.ಎ. ಮೂರು ವರ್ಷ, ಬಿ.ಇಡಿ. ಎರಡು, ಒಟ್ಟು ಐದು. ಈ ಐದು ವರ್ಷ ಕಳೆದಾಗ ನೇಮಕಾತಿಯ ವಯೋಮಿತಿಯೊಳಗೆ ಇರುತ್ತೀರಾ ಎಂದು ಇವತ್ತೇ ಎಣಿಸಿ. ಮತ್ತೊಂದು ದಾರಿ ಪಿಯು ಕಾಲೇಜು. ಅಲ್ಲಿ ವಾಣಿಜ್ಯ ಕಲಿಸಲು ಎಂ.ಕಾಂ. ಜೊತೆಗೆ ಬಿ.ಇಡಿ. ಕೇಳುತ್ತಾರೆ, ಒಂದು ವರ್ಷ ಉಳಿಯುತ್ತದೆ. ಆ ತಂಗಿ ಒಪ್ಪಲಿಲ್ಲ. "ಜಮಾ ಖರ್ಚು ಸಾಕಾಗಿದೆ ಕಾಕಾ, ನನಗೆ ಕನ್ನಡವೇ ಬೇಕು" ಎಂದಳು. ಬಿ.ಎ.ಗೆ ಹೆಸರು ಹಚ್ಚಿದ್ದಾಳೆ. ಪುಸ್ತಕ ತರುವುದು, ಪರೀಕ್ಷೆಯ ದಿನ ಮಕ್ಕಳನ್ನು ನೋಡಿಕೊಳ್ಳುವುದು ಅತ್ತೆಯ ಪಾಲಿಗೆ ಬಂದಿದೆ.

ಬಿ.ಎ., ಬಿ.ಕಾಂ.ಗಳನ್ನು ದೂರಶಿಕ್ಷಣದಲ್ಲಿ ಮಾಡಿದರೆ ಬೆಲೆ ಕಡಿಮೆ ಎಂಬ ಮಾತು ನಂಬಬೇಡಿ. ಮಾನ್ಯತೆ ಪಡೆದ ಸಂಸ್ಥೆಯ ದೂರಶಿಕ್ಷಣ ಪದವಿಯೂ ಕಾಲೇಜಿನ ಪದವಿಯೂ ಸಮಾನ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಇಗ್ನೋ ಇವೆರಡೂ ಸರ್ಕಾರಿ ಸಂಸ್ಥೆಗಳೇ. ಆದರೂ ನೀವು ಸೇರುವ ಕೋರ್ಸು ಆ ವರ್ಷದ ಯುಜಿಸಿ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಯೇ ಹಣ ಕಟ್ಟಿ. ಕಾನೂನು, ಎಂಜಿನಿಯರಿಂಗ್, ವೈದ್ಯಕೀಯ, ಫಾರ್ಮಸಿ, ನರ್ಸಿಂಗ್ ಪದವಿಯನ್ನು ಯಾರಾದರೂ ಮನೆಗೇ ತಂದುಕೊಡುತ್ತೇನೆಂದರೆ ಅವರಿಗೆ ಕೈ ಮುಗಿದು ಕಳಿಸಿಬಿಡಿ.

ಹಣದ ವಿಷಯ. ಜನವರಿ 2014ರಿಂದ ಜೈನರು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರು. ಆದ್ದರಿಂದ ವಿದ್ಯಾರ್ಥಿವೇತನ ಬಂದೇ ಬರುತ್ತದೆಂದು ಎರಡನೇ ಪದವಿಗೆ ಹೊರಡಬೇಡಿ; ಒಂದೇ ಹಂತದಲ್ಲಿ ಮತ್ತೆ ಓದುವವರಿಗೆ ಅರ್ಹತೆ ಇದೆಯೇ ಎಂದು ಆಯಾ ಪ್ರಕಟಣೆಯಲ್ಲಿ ಓದಿ ನೋಡಬೇಕು. ಬ್ಯಾಂಕಿನಿಂದ ಶಿಕ್ಷಣ ಸಾಲ ಪಡೆದರೆ, ಅದರ ಬಡ್ಡಿಗೆ ಎಂಟು ವರ್ಷದವರೆಗೆ ಆದಾಯ ತೆರಿಗೆಯಲ್ಲಿ ಕಡಿತ ಇದೆ. ಇದು ತನ್ನ ಓದಿಗೂ ಪತ್ನಿಯ ಓದಿಗೂ ಸಿಗುತ್ತದೆ, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ಸಂಜೆ ಕಾಲೇಜಿಗೆ ಹೋಗುವವರಲ್ಲಿ ರಾತ್ರಿಭೋಜನ ತ್ಯಾಗ ಇದ್ದವರು ಡಬ್ಬಿ ಒಯ್ದು ಸೂರ್ಯಾಸ್ತದೊಳಗೆ ಊಟ ಮುಗಿಸಲು ಅನುಕೂಲ ಇದೆಯೇ ಎಂದು ಸೇರುವ ಮೊದಲೇ ಕಾಲೇಜಿನಲ್ಲಿ ಕೇಳಿಕೊಳ್ಳಿ. ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ.

ನಮ್ಮ ಬಸದಿಯಲ್ಲಿ ಭಾನುವಾರ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಕುಳಿತಿರುತ್ತೇವೆ. ನಿಮ್ಮ ಊರಲ್ಲೂ ಇಂಥವರು ಯಾರಾದರೂ ಇರುತ್ತಾರೆ. ಹೋಗುವಾಗ ಪದವಿಯ ಎಲ್ಲ ವರ್ಷದ ಅಂಕಪಟ್ಟಿಯ ಜೊತೆಗೆ ಪಿಯುಸಿಯದನ್ನೂ ಮರೆಯದೆ ತೆಗೆದುಕೊಂಡು ಹೋಗಿ.