ಜಾಲತಾಣ ಕಟ್ಟುವ ಸಾಧನವೂ ಹುಡುಕಾಟದ ಸ್ಥಾನವೂ

ಒಂದು ಶಾಲೆಯ ವಿಷಯ ತಿಳಿಯಬೇಕಾದರೆ ಇಂದು ಜನರು ನೆರೆಮನೆಯವರನ್ನು ಕೇಳುವ ಮೊದಲೇ ಕೈಯಲ್ಲಿರುವ ಫೋನನ್ನು ಕೇಳುತ್ತಾರೆ. ಹೆತ್ತವರು ಮಕ್ಕಳನ್ನು ಸೇರಿಸುವ ಮುನ್ನ ಹುಡುಕಿ ನೋಡುತ್ತಾರೆ. ಮುಂಬಯಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋಗಿ ನೆಲೆಸಿದ ಹಳೆ ವಿದ್ಯಾರ್ಥಿಗಳು ಊರಿನ ಹೆಸರನ್ನು ಬರೆದು, ಏನು ಬರುತ್ತದೆಂದು ಕಾಯುತ್ತಾರೆ. ಆಗ ಕಣ್ಣಿಗೆ ಬೀಳದ ಜಾಲತಾಣವು ಇದ್ದೂ ಇಲ್ಲದಂತೆಯೇ ಸರಿ. ಗಡಿನಾಡಿನವರಾದ ನಮಗೆ ಇದು ಬರಿಯ ಪ್ರದರ್ಶನದ ಮಾತಲ್ಲ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯಲು ಶಾಲೆ ಉಂಟೆಂಬುದು ಹುಡುಕುವವರಿಗೆ ಕಾಣದೆ ಹೋದರೆ, ಮಕ್ಕಳು ಬೇರೆ ಬಾಗಿಲಿಗೆ ಹೋಗುವುದು ಸಹಜವಷ್ಟೆ.

ಜಾಲತಾಣವನ್ನು ಕಟ್ಟಲು ಹಲವು ಸಾಧನಗಳಿವೆ. ವರ್ಡ್‌ಪ್ರೆಸ್ 2003ರಲ್ಲಿ ಹೊರಬಂದಿತು. ವಿಕ್ಸ್ ಕಂಪೆನಿಯು 2006ರಲ್ಲಿ ಸ್ಥಾಪನೆಯಾಯಿತು. ಹಣ ಕೊಡದೆ ಬಳಸಬಹುದಾದ ಬ್ಲಾಗರ್, ಗೂಗಲ್ ಸೈಟ್ಸ್ ಕೂಡ ಉಂಟು. ಇವುಗಳಲ್ಲಿ ಯಾವುದನ್ನು ಆರಿಸಿದರೆ ಹುಡುಕಾಟದಲ್ಲಿ ಮೇಲಿನ ಸ್ಥಾನ ದೊರೆಯುತ್ತದೆ? ಈ ಪ್ರಶ್ನೆಯನ್ನು ವಿಚಾರ ಮಾಡುವ ಮೊದಲು ಶೋಧಯಂತ್ರದ ಕೆಲಸವೇನೆಂಬುದನ್ನು ತಿಳಿಯೋಣ.

ಅದರ ಕೆಲಸ ನಮ್ಮ ಗ್ರಂಥಾಲಯದ ಕೆಲಸವನ್ನೇ ಹೋಲುತ್ತದೆ. ಮೊದಲು ಪುಸ್ತಕಗಳನ್ನು ತರಬೇಕು. ಬಳಿಕ ಅವುಗಳಲ್ಲಿ ಏನಿದೆಯೆಂದು ಪಟ್ಟಿ ಮಾಡಬೇಕು. ಕೊನೆಗೆ ಕೇಳಿದವರಿಗೆ ತಕ್ಕ ಪುಸ್ತಕವನ್ನು ಎತ್ತಿ ಕೊಡಬೇಕು. ಗೂಗಲ್‌ನಲ್ಲಿ ಮೊದಲ ಕೆಲಸವನ್ನು ಮಾಡುವುದು ಗೂಗಲ್‌ಬಾಟ್ ಎಂಬ ಕಾರ್ಯಕ್ರಮ. ಅದು ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿಗಳನ್ನು ಹಿಡಿದು ಸಾಗುತ್ತದೆ. ಓದಿದ ಪುಟಗಳು ಪಟ್ಟಿಗೆ ಸೇರುತ್ತವೆ. ಯಾರಾದರೂ ಹುಡುಕಿದಾಗ, ಆ ಮಾತಿಗೆ ಯಾವ ಪುಟವು ಹೆಚ್ಚು ಹೊಂದುತ್ತದೆ, ಅದಕ್ಕೆ ಬೇರೆ ತಾಣಗಳು ಎಷ್ಟು ಕೊಂಡಿ ನೀಡಿವೆ ಎಂಬಂಥ ಅನೇಕ ಸಂಗತಿಗಳನ್ನು ತೂಗಿ ಸ್ಥಾನ ಕೊಡಲಾಗುತ್ತದೆ. ಕೊಂಡಿಯನ್ನು ಶಿಫಾರಸಿನಂತೆ ಎಣಿಸುವ ಈ ಉಪಾಯವನ್ನು ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ರೂಪಿಸಿ, 1998ರಲ್ಲಿ ಗೂಗಲ್ ಕಂಪೆನಿಯನ್ನು ಸ್ಥಾಪಿಸಿದರು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಪುಟವನ್ನು ಯಾವ ಸಾಧನದಿಂದ ಕಟ್ಟಲಾಗಿದೆ ಎಂಬುದಕ್ಕೆ ಅಂಕವಿಲ್ಲ. ವರ್ಡ್‌ಪ್ರೆಸ್‌ಗೆ ಹತ್ತು, ವಿಕ್ಸ್‌ಗೆ ಎಂಟು ಎಂಬ ಲೆಕ್ಕ ಎಲ್ಲಿಯೂ ಇಲ್ಲ. "ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂಬ ಗಾದೆಯನ್ನು ಇಲ್ಲಿ ನೆನೆಯಬಹುದು. ಪುಟದಲ್ಲಿ ಹುರುಳಿಲ್ಲದಿದ್ದರೆ ಸಾಧನವನ್ನು ದೂರಿ ಫಲವಿಲ್ಲ. ಆದರೂ ಕೆಲವೊಮ್ಮೆ ನೆಲವು ನಿಜವಾಗಿಯೂ ಡೊಂಕಾಗಿರುವುದುಂಟು. ಅದು ಹೇಗೆಂದು ನೋಡೋಣ.

ಮೊದಲನೆಯದು, ಓದಲು ಬರುವ ಅಕ್ಷರ. ಒಂದು ಕಾಲದಲ್ಲಿ ಫ್ಲ್ಯಾಶ್ ಎಂಬ ತಂತ್ರದಿಂದ ಸೊಗಸಾಗಿ ಚಲಿಸುವ ಪುಟಗಳನ್ನು ಮಾಡುತ್ತಿದ್ದರು. ಮನುಷ್ಯರ ಕಣ್ಣಿಗೆ ಅದು ಹಬ್ಬ. ಶೋಧಯಂತ್ರಕ್ಕೋ ಅದರೊಳಗಿನ ಮಾತು ಸರಿಯಾಗಿ ಸಿಗುತ್ತಿರಲಿಲ್ಲ. ಆರಂಭದಲ್ಲಿ ವಿಕ್ಸ್ ಸಹ ಫ್ಲ್ಯಾಶನ್ನೇ ಬಳಸುತ್ತಿತ್ತು. 2012ರಲ್ಲಿ ಅದು ಎಚ್‌ಟಿಎಂಎಲ್5ಕ್ಕೆ ಬದಲಾಯಿತು. ಫ್ಲ್ಯಾಶ್‌ಗೆ ಬೆಂಬಲವು 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ವಿಕ್ಸ್‌ನ ಮೇಲೆ ಅಂದು ಬಂದ ಕೆಟ್ಟ ಹೆಸರನ್ನೇ ಇಂದಿಗೂ ಹೇಳುತ್ತಿರುವುದು ನ್ಯಾಯವಲ್ಲ.

ಎರಡನೆಯದು, ವೇಗ. ಪುಟದ ಮುಖ್ಯ ಭಾಗವು 2.5 ಸೆಕೆಂಡಿನೊಳಗೆ ಕಾಣಿಸಬೇಕು, ಬೆರಳಿಂದ ಒತ್ತಿದರೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ತೆರೆಯುತ್ತಿರುವಾಗ ಸಾಲುಗಳು ಅತ್ತಿತ್ತ ಜಿಗಿಯಬಾರದು ಎಂಬುದು ಗೂಗಲ್ ಹಾಕಿಕೊಟ್ಟ ಅಳತೆ. ಇಂಥ ಅಳತೆಗಳನ್ನು ಸ್ಥಾನ ನಿರ್ಣಯದಲ್ಲಿ ಸೇರಿಸಿದ್ದು 2021ರಲ್ಲಿ. ವರ್ಡ್‌ಪ್ರೆಸ್‌ಗೆ ಸಿಕ್ಕಸಿಕ್ಕ ಪ್ಲಗಿನ್‌ಗಳನ್ನು ಜೋಡಿಸುತ್ತ ಹೋದರೆ, ಏರು ದಾರಿಯಲ್ಲಿ ಹೊರೆ ಹೆಚ್ಚಾದ ಗಾಡಿಯಂತೆ ಪುಟವು ಏದುಸಿರು ಬಿಡುತ್ತದೆ. ಮೇಲಾಗಿ ಗೂಗಲ್ ಈಗ ಪುಟದ ಮೊಬೈಲ್ ರೂಪವನ್ನೇ ಓದಿ ಪಟ್ಟಿ ಮಾಡುತ್ತದೆ. ಆದುದರಿಂದ ಶಾಲೆಯ ದೊಡ್ಡ ಪರದೆಯಲ್ಲಿ ಚೆಂದ ಕಂಡರೆ ಸಾಲದು. ಅಮ್ಮನ ಸಣ್ಣ ಫೋನಿನಲ್ಲಿಯೂ ಚೆನ್ನಾಗಿ ತೆರೆಯಬೇಕು.

ಮೂರನೆಯದು, ನಮ್ಮ ಹಿಡಿತ. ಪ್ರತಿಯೊಂದು ಪುಟಕ್ಕೂ ಬೇರೆ ಬೇರೆ ಶೀರ್ಷಿಕೆ ಕೊಡಲು, ಚಿತ್ರಗಳಿಗೆ ವಿವರ ಬರೆಯಲು, ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ತೋರಿಸಲು ಸಾಧನವು ಬಿಡುತ್ತದೆಯೇ ಎಂದು ನೋಡಬೇಕು. ಮನೆ ಬದಲಿಸಿದವರು ಅಂಚೆಯವನಿಗೆ ಹೊಸ ವಿಳಾಸ ಹೇಳದಿದ್ದರೆ ಕಾಗದಗಳು ಕಳೆದುಹೋಗುವುದಿಲ್ಲವೇ? ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಹಾಗೆಯೇ ಎತ್ತಿ ಬೇರೆ ಕಂಪೆನಿಯ ಯಂತ್ರಕ್ಕೆ ಒಯ್ಯಲಾಗದು. ವರ್ಡ್‌ಪ್ರೆಸ್ ತಾಣವನ್ನು ಒಯ್ಯಬಹುದು. ಆದರೆ ಸ್ವಂತ ಹೆಸರಿನ ವಿಳಾಸವನ್ನು ಪಡೆದಿದ್ದರೆ, ಸಾಧನ ಬದಲಾದರೂ ವಿಳಾಸ ನಮ್ಮದಾಗಿಯೇ ಉಳಿಯುತ್ತದೆ. ಇನ್ನೊಂದು ಎಚ್ಚರಿಕೆ: ಶೋಧಯಂತ್ರಗಳು ಬಾರದಂತೆ ತಡೆಯುವ ಗುಂಡಿಯೊಂದು ವರ್ಡ್‌ಪ್ರೆಸ್‌ನ ಓದುವಿಕೆಯ ಹೊಂದಿಕೆಗಳಲ್ಲಿ ಉಂಟು. ತಾಣ ಸಿದ್ಧವಾಗುವವರೆಗೆ ಅದನ್ನು ಒತ್ತಿಟ್ಟು, ಅನಂತರ ಮರೆತರೆ ಬೀಗ ಹಾಕಿದ ಅಂಗಡಿಯಲ್ಲಿ ಗಿರಾಕಿಗಾಗಿ ಕಾದಂತಾಗುತ್ತದೆ.

ಇನ್ನು ಕನ್ನಡಿಗರಾದ ನಾವು ವಿಶೇಷವಾಗಿ ತಿಳಿಯಬೇಕಾದ ಮಾತೊಂದಿದೆ. ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ, ಕಾಣುವುದು ಕನ್ನಡವಾದರೂ ಗಣಕಯಂತ್ರದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ. ಕನ್ನಡದ ವೇಷ ತೊಟ್ಟ ಆ ಬರಹವನ್ನು ಶೋಧಯಂತ್ರವು ಕನ್ನಡವೆಂದು ಗುರುತಿಸಲಾರದು. ಯೂನಿಕೋಡ್‌ನಲ್ಲಾದರೋ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳ ಒಂದು ವಿಭಾಗವಿದೆ. 'ಕ' ಎಂಬುದು ಎಲ್ಲ ಯಂತ್ರಗಳಲ್ಲಿಯೂ 'ಕ'ವೇ. ಹಾಗೆಯೇ ಪ್ರಕಟಣೆಯ ಫೋಟೋ ತೆಗೆದು ಹಾಕುವುದೂ ಸಾಲದು. ಚಿತ್ರದಿಂದ ಅಕ್ಷರ ಗುರುತಿಸುವ ವಿದ್ಯೆ ಇದೆಯಾದರೂ ಅದನ್ನೇ ನೆಚ್ಚಿ ಕೂರಲಾಗದು. ಎಷ್ಟು ಬೆಲೆಯ ಸಾಧನವನ್ನು ಕೊಂಡರೂ ಈ ಕೊರತೆಯನ್ನು ಅದು ತುಂಬಲಾರದು.

ಇದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ಪುಟದಲ್ಲಿರುವ ಒಂದು ಕನ್ನಡ ಪದವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿರಿ. ಕನ್ನಡವಾಗಿಯೇ ಬಂದರೆ ಸರಿ; ಅರ್ಥವಿಲ್ಲದ ಚಿಹ್ನೆಗಳಾಗಿ ಬಂದರೆ ಅದು ಹಳೆಯ ಸಂಕೇತ; ನಕಲು ಮಾಡಲೇ ಆಗದಿದ್ದರೆ ಅದು ಚಿತ್ರವಾಗಿರಬಹುದು. ಬಳಿಕ ಪುಟದ ಒಂದು ಪೂರ್ಣ ವಾಕ್ಯವನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆದು ಹುಡುಕಿರಿ. ಪುಟವು ಪಟ್ಟಿಗೆ ಸೇರಿದ್ದರೆ ಸಾಮಾನ್ಯವಾಗಿ ಕಾಣಿಸುತ್ತದೆ.

ಹೀಗಿರಲು, ಸಾಧನವನ್ನು ಆರಿಸುವಾಗ ಜಾಹೀರಾತನ್ನು ನೋಡದೆ, ಅಕ್ಷರ, ವೇಗ, ಹಿಡಿತ ಎಂಬ ಮೂರನ್ನು ನೋಡಿದರೆ ಸಾಕು. ಉಳಿದ ಕೆಲಸ ನಮ್ಮದು. ಹುಡುಕುವವರು 'ಮಂಜೇಶ್ವರ' ಎಂದೂ ಬರೆಯುತ್ತಾರೆ, 'ಮಂಜೇಶ್ವರಂ' ಎಂದೂ ಬರೆಯುತ್ತಾರೆ, ಇಂಗ್ಲಿಷ್ ಲಿಪಿಯಲ್ಲಿಯೂ ಬರೆಯುತ್ತಾರೆ; ಅವರಾಡುವ ಮಾತುಗಳು ನಮ್ಮ ಪುಟದಲ್ಲಿರಬೇಕು. ಊರಿನ ಕೆರೆ, ಜಾತ್ರೆ, ಯಕ್ಷಗಾನ, ಶಾಲೆಯ ಇತಿಹಾಸ, ಈ ವರ್ಷದ ಪ್ರವೇಶದ ವಿವರ ಇವೆಲ್ಲವನ್ನೂ ಊರಿನವರಲ್ಲದೆ ಬೇರಾರು ಸರಿಯಾಗಿ ಬರೆಯಬಲ್ಲರು? ವಿದ್ಯಾರ್ಥಿ ಮಿತ್ರರು ವಾರಕ್ಕೊಂದು ಪುಟವನ್ನು ಯೂನಿಕೋಡ್ ಕನ್ನಡದಲ್ಲಿ ಬರೆದರೂ ವರ್ಷಕ್ಕೆ ಐವತ್ತೆರಡು ಪುಟಗಳಾದವು. ಹೆತ್ತವರು ತಮಗೆ ತಿಳಿದುದನ್ನು ಮಕ್ಕಳಿಗೆ ಹೇಳಿ ಬರೆಯಿಸಿದರೆ, ನಮ್ಮ ಊರನ್ನು ಹುಡುಕಿ ಬಂದವರು ಬರಿಗೈಯಲ್ಲಿ ಮರಳಬೇಕಾಗಿ ಬರದು.