ತಾರಸಿಯ ಮೇಲೊಂದು ಟೆಲಿಸ್ಕೋಪ್

ಅಂದು 2024ರ ಡಿಸೆಂಬರ್ 24. ಕ್ರಿಸ್‌ಮಸ್ ರಜೆಗೆ ಬೆಂಗಳೂರಿನಿಂದ ತಿಪಟೂರಿಗೆ ಬಂದಿದ್ದ ಮೊಮ್ಮಗಳ ಕೈಗೆ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಕೊಟ್ಟೆ. ಆರನೇ ತರಗತಿಯ ಹುಡುಗಿ, ಒಂದು ವರ್ಷದಿಂದ ಟೆಲಿಸ್ಕೋಪ್ ಬೇಕೆಂದು ಕೇಳುತ್ತಿದ್ದಳು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ '525 ಪಟ್ಟು' ಎಂದಿತ್ತು. ಪಕ್ಕದಲ್ಲಿ ಬಳೆ ತೊಟ್ಟ ಶನಿಗ್ರಹದ ಬಣ್ಣದ ಚಿತ್ರ. ನಿಜ ಹೇಳಬೇಕೆಂದರೆ, ಆ ಸಂಖ್ಯೆ ನೋಡಿಯೇ ನಾನದನ್ನು ಕೊಂಡಿದ್ದೆ.

ಊಟ ಮುಗಿಸಿ ತಾರಸಿ ಹತ್ತಿದೆವು. "ಮೊದಲು ಚಂದ್ರನ್ನ ತೋರಿಸು ತಾತ" ಎಂದಳು. ಹಿಂದೆಯೇ ಬಂದಿದ್ದ ನನ್ನಾಕೆ ನಕ್ಕಳು. "ನಾಡಿದ್ದು ಏಕಾದಶಿ ಕಣೆ ಪುಟ್ಟಿ. ಇದು ಕೃಷ್ಣಪಕ್ಷ. ಚಂದ್ರ ಬರೋದು ನಡುರಾತ್ರಿ ಕಳೆದ ಮೇಲೆ."

ಸರಿ, ಪೂರ್ವದಲ್ಲಿ ಹೊಳೆಯುತ್ತಿದ್ದ ದೊಡ್ಡ ಚುಕ್ಕೆಯ ಕಡೆಗೆ ಕೊಳವೆ ತಿರುಗಿಸಿದೆ. ಏನೂ ಸಿಗಲಿಲ್ಲ. ಒಮ್ಮೆ ಸಿಕ್ಕಿದ್ದು ಮಂಜುಮಂಜಾಗಿ ನಡುಗಿ ಮಾಯವಾಯಿತು. ಮುಟ್ಟಿದರೆ ಸಾಕು, ಮೂರು ಕಾಲಿನ ಸ್ಟ್ಯಾಂಡ್ ಅಲುಗಾಡುತ್ತಿತ್ತು. ಒಂದು ಗಂಟೆ ಒದ್ದಾಡಿದ ಮೇಲೆ ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. "ಇದು ಮೋಸ ತಾತ. ನಂಗೆ ಬೇಡ." ಅಷ್ಟು ಹೇಳಿ ಕೆಳಗಿಳಿದು ಹೋದಳು.

ಹೀಗೆ ಒಂದೇ ರಾತ್ರಿಗೆ ಮುಗಿದು ಅಟ್ಟ ಸೇರಿದ ಟೆಲಿಸ್ಕೋಪ್‌ಗಳು ಎಷ್ಟೋ ಮನೆಗಳಲ್ಲಿರಬಹುದು. ನಮ್ಮದು ಅಟ್ಟ ಸೇರದೆ ಉಳಿದದ್ದು ಹೇಗೆ ಎಂದು ಹೇಳುತ್ತೇನೆ. ನೀವು ಕೊಳ್ಳುವಾಗ ನನ್ನ ತಪ್ಪು ಮಾಡದಿರಿ.

ಆ ಸಂಖ್ಯೆಯ ಗುಟ್ಟು

ಮರುದಿನ ಕುಳಿತು ಲೆಕ್ಕ ಹಾಕಿದೆ. ಮಕ್ಕಳೇ, ಈ ಲೆಕ್ಕ ನಿಮಗೂ ಸುಲಭ. ಟೆಲಿಸ್ಕೋಪಿನ ಮುಂದಿನ ದೊಡ್ಡ ಮಸೂರದ ಸಂಗಮ ದೂರವನ್ನು, ಕಣ್ಣಿಟ್ಟು ನೋಡುವ ಪುಟ್ಟ ಮಸೂರದ, ಅಂದರೆ ಐಪೀಸಿನ, ಸಂಗಮ ದೂರದಿಂದ ಭಾಗಿಸಿ. ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಉತ್ತರ ಸಿಗುತ್ತದೆ. ನಮ್ಮದರ ಸಂಗಮ ದೂರ 700 ಮಿ.ಮೀ. ಜೊತೆಗಿದ್ದ ಐಪೀಸ್‌ಗಳು ಎರಡು: 20 ಮಿ.ಮೀ. ಮತ್ತು 4 ಮಿ.ಮೀ. ಮೊದಲನೆಯದರಲ್ಲಿ 35 ಪಟ್ಟು, ಎರಡನೆಯದರಲ್ಲಿ 175 ಪಟ್ಟು. ಬಾರ್ಲೊ ಎಂಬ ಇನ್ನೊಂದು ಮಸೂರ ಸೇರಿಸಿದರೆ ಅದು ಮೂರು ಪಟ್ಟಾಗಿ 525.

ಲೆಕ್ಕವೇನೋ ಸರಿ. ಆದರೆ ನೋಟ ಎಷ್ಟು ಸ್ಪಷ್ಟವಾಗಿರುತ್ತದೆ ಎಂಬುದು ಮುಂದಿನ ಮಸೂರದ ಅಗಲವನ್ನು ಅವಲಂಬಿಸಿದೆ. ಒಂದು ಮಿ.ಮೀ. ಅಗಲಕ್ಕೆ ಹೆಚ್ಚೆಂದರೆ ಎರಡು ಪಟ್ಟು ಎಂದು ಇಟ್ಟುಕೊಳ್ಳಬಹುದು. ನಮ್ಮದರ ಅಗಲ 60 ಮಿ.ಮೀ., ಆದ್ದರಿಂದ ಅದರ ಮಿತಿ 120 ಪಟ್ಟು. ಅದಕ್ಕಿಂತ ಹಿಗ್ಗಿಸಿದರೆ ಚಿತ್ರ ದೊಡ್ಡದಾಗುತ್ತದೆ, ಜೊತೆಗೆ ಮಂಕಾಗುತ್ತದೆ. ಒಂದು ಲೋಟ ಹಾಲಿಗೆ ಕೊಡ ನೀರು ಬೆರೆಸಿದ ಹಾಗೆ!

ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟು ಪಟ್ಟು?' ಅಲ್ಲ, 'ಬಾಯಿ ಎಷ್ಟು ಅಗಲ?' ಮಳೆಯಲ್ಲಿ ಲೋಟ ಇಟ್ಟರೂ ನೀರು ತುಂಬುತ್ತದೆ, ಬೋಗುಣಿ ಇಟ್ಟರೂ ತುಂಬುತ್ತದೆ. ಯಾವುದರಲ್ಲಿ ಹೆಚ್ಚು? ಬೆಳಕಿಗೂ ಇದೇ ನಿಯಮ. 130 ಮಿ.ಮೀ. ಅಗಲದ ಕನ್ನಡಿ 60 ಮಿ.ಮೀ. ಮಸೂರಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಎರಡನೆಯ ಪ್ರಶ್ನೆ, 'ಸ್ಟ್ಯಾಂಡ್ ಗಟ್ಟಿಯೇ?'

ಸ್ಟ್ಯಾಂಡಿನ ಮಾತು ಬಂದಾಗ ಜಾನ್ ಡಾಬ್ಸನ್ ಅವರನ್ನು ನೆನೆಯಬೇಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ರಾಮಕೃಷ್ಣ ಪರಂಪರೆಯ ವೇದಾಂತ ಆಶ್ರಮದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಸನ್ಯಾಸಿಯಾಗಿದ್ದವರು. ಕೈಯಲ್ಲಿ ಕಾಸಿಲ್ಲದೆ ಹಳೆಯ ಗಾಜು ಉಜ್ಜಿ ಕನ್ನಡಿ ಮಾಡಿದರು. ರಟ್ಟಿನ ಕೊಳವೆ, ಪ್ಲೈವುಡ್ ಪೆಟ್ಟಿಗೆ ಸೇರಿಸಿ ಟೆಲಿಸ್ಕೋಪ್ ಕಟ್ಟಿದರು. ಅದನ್ನು ಬೀದಿಯಲ್ಲಿಟ್ಟು ಹೋಗಿಬರುವವರಿಗೆಲ್ಲ ಆಕಾಶ ತೋರಿಸಿದರು. ನೆಲದ ಮೇಲೆ ಕೂತು ಸಲೀಸಾಗಿ ತಿರುಗುವ ಆ ಮಾದರಿಗೆ ಇಂದು 'ಡಾಬ್ಸೋನಿಯನ್' ಎಂದೇ ಹೆಸರು. ಅದೇ ಹಣಕ್ಕೆ ಹೆಚ್ಚು ಅಗಲದ ಬಾಯಿ ಸಿಗುವುದು, ಅಲುಗಾಟ ಕಡಿಮೆ ಇರುವುದು ಸಾಮಾನ್ಯವಾಗಿ ಇದರಲ್ಲೇ. ಮೊದಲೇ ತಿಳಿದಿದ್ದರೆ ನಾನೂ ಇದನ್ನೇ ಕೊಳ್ಳುತ್ತಿದ್ದೆ.

ಎದೆ ಝಲ್ಲೆಂದ ಗಳಿಗೆ

ನಾನು ಲೆಕ್ಕದಲ್ಲಿ ಮುಳುಗಿದ್ದಾಗಲೇ ತಾರಸಿಯಿಂದ ಸದ್ದು ಬಂತು. ಹೋಗಿ ನೋಡಿದರೆ, ಹುಡುಗಿ ಪೆಟ್ಟಿಗೆಯಲ್ಲಿದ್ದ ಕಪ್ಪು ಗಾಜಿನ ಬಿಲ್ಲೆಯನ್ನು ಐಪೀಸಿಗೆ ತಿರುಪುತ್ತಿದ್ದಾಳೆ. ಅದರ ಮೇಲೆ 'ಸೂರ್ಯ ನೋಡಲು' ಎಂಬ ಅರ್ಥದ ಬರಹ. ಕೊಳವೆ ಸೂರ್ಯನ ಕಡೆಗೆ ತಿರುಗುವುದರಲ್ಲಿತ್ತು. ಓಡಿಹೋಗಿ ಕೈ ಹಿಡಿದೆ.

ಭೂತಗನ್ನಡಿಯಿಂದ ಕಾಗದ ಸುಡುವುದನ್ನು ನೀವು ನೋಡಿದ್ದೀರಿ. ಟೆಲಿಸ್ಕೋಪ್ ಅದಕ್ಕಿಂತ ದೊಡ್ಡ ಭೂತಗನ್ನಡಿ. ಆ ಬಿಸಿಗೆ ಕಪ್ಪು ಬಿಲ್ಲೆ ಫಟ್ಟನೆ ಸೀಳಬಹುದು. ಕಣ್ಣು ಹೋಗಲು ಒಂದು ಕ್ಷಣ ಸಾಕು, ನೋವೂ ತಿಳಿಯುವುದಿಲ್ಲ. ಆ ಬಿಲ್ಲೆಯನ್ನು ಅವಳ ಎದುರೇ ಸುತ್ತಿಗೆಯಿಂದ ಒಡೆದು ಎಸೆದೆ. ನಿಮ್ಮ ಪೆಟ್ಟಿಗೆಯಲ್ಲೂ ಅದಿದ್ದರೆ ಹಾಗೇ ಮಾಡಿ. ಹಗಲಲ್ಲಿ ದೊಡ್ಡವರಿಲ್ಲದೆ ಟೆಲಿಸ್ಕೋಪ್ ಹೊರಗೆ ಬರಕೂಡದು. ನಮ್ಮ ಮನೆಯಲ್ಲಿ ಅಂದಿನಿಂದ ಇದು ಕಾನೂನು.

ಎರಡನೆಯ ರಾತ್ರಿ

ಸಂಜೆ ಬೆಳಕಿರುವಾಗಲೇ, ಸೂರ್ಯನಿಗೆ ಬೆನ್ನು ಹಾಕಿ, ದೂರದ ತೆಂಗಿನ ಮರದ ಸುಳಿಗೆ ಕೊಳವೆ ಹಿಡಿದೆವು. ಮರ ತಲೆಕೆಳಗಾಗಿ ಕಂಡಿತು! ಹೆದರಬೇಡಿ, ಆಕಾಶ ನೋಡುವ ಟೆಲಿಸ್ಕೋಪ್‌ಗಳು ಹಾಗೆಯೇ. ಕೊಳವೆಯ ಮೇಲಿರುವ ಪುಟ್ಟ ಗುರಿಗೊಳವೆಯಲ್ಲೂ ಅದೇ ಸುಳಿ ನಡುವೆ ಕಾಣುವವರೆಗೆ ತಿರುಪು ಸರಿಮಾಡಿದೆವು. ಹಿಂದಿನ ರಾತ್ರಿ ಬಿಟ್ಟಿದ್ದು ಈ ಕೆಲಸವನ್ನೇ. ಸ್ಟ್ಯಾಂಡಿನ ಕಾಲುಗಳನ್ನು ಎಳೆಯದೆ ಗಿಡ್ಡವಾಗಿಯೇ ಇಟ್ಟು, ನಡುವೆ ಮರಳು ತುಂಬಿದ ಚೀಲ ತೂಗುಹಾಕಿದೆವು. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ, ಕತ್ತಲಿಗೆ ಕಣ್ಣು ಹೊಂದಲಿ ಎಂದು ಅರ್ಧ ಗಂಟೆ ಸುಮ್ಮನೆ ಕುಳಿತೆವು. ಮೊಬೈಲು ಕೆಳಗೇ ಉಳಿಯಿತು.

ನನ್ನಾಕೆ ಪಂಚಾಂಗ ನೋಡಿ ಬಂದಳು. "ಗುರು ವೃಷಭದಲ್ಲಿದ್ದಾನೆ. ರೋಹಿಣಿ ಹತ್ತಿರ ಹುಡುಕಿ." ಅವಳ ಬೆರಳು ತೋರಿದತ್ತ ಕೆಂಪಗಿನ ರೋಹಿಣಿ, ಮೇಲೆ ಗೊಂಚಲಾಗಿ ಕೃತ್ತಿಕೆ, ಹತ್ತಿರದಲ್ಲೇ ಮಿನುಗದೆ ಹೊಳೆಯುವ ಗುರು. ನಾವು ಹಿಂದಿನ ರಾತ್ರಿ ಒದ್ದಾಡಿದ್ದು ಅವನ ಜೊತೆಗೇ!

20 ಮಿ.ಮೀ. ಐಪೀಸ್ ಹಾಕಿದೆವು. 35 ಪಟ್ಟು, ಅಷ್ಟೇ. ಹುಡುಗಿ ಕಣ್ಣಿಟ್ಟಳು. ಮಾತಿಲ್ಲ. ಆಮೇಲೆ, "ತಾತ, ಪಕ್ಕದಲ್ಲಿ ಸಾಲಾಗಿ ಚುಕ್ಕಿ ಇವೆ!"

ಅವು ಗುರುವಿನ ಚಂದ್ರರು. 1610ರ ಜನವರಿ 7ರಂದು ಗೆಲಿಲಿಯೋ ಮೊದಲು ಮೂರು ಚುಕ್ಕೆ ಕಂಡ, ಕೆಲವೇ ದಿನಗಳಲ್ಲಿ ನಾಲ್ಕನೆಯದೂ ಸಿಕ್ಕಿತು. ಅವನ ದೂರದರ್ಶಕದ ಶಕ್ತಿ ಸುಮಾರು 20 ಪಟ್ಟು ಮಾತ್ರ. ಆ ಚುಕ್ಕೆಗಳು ರಾತ್ರಿಯಿಂದ ರಾತ್ರಿಗೆ ಜಾಗ ಬದಲಿಸಿದ್ದನ್ನು ಬರೆದಿಟ್ಟೇ, ಎಲ್ಲವೂ ಭೂಮಿಯನ್ನು ಸುತ್ತುವುದಿಲ್ಲ ಎಂದು ಅವನು ತೋರಿಸಿದ. ನಮ್ಮ ಹುಡುಗಿಯೂ ನೋಟ್‌ಬುಕ್ಕಿನಲ್ಲಿ ಬರೆದಳು. ನಾಲ್ಕು ರಾತ್ರಿ, ನಾಲ್ಕು ಚಿತ್ರ. ಐದನೆಯ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದ ನನ್ನ ಮುಂದೆ ಹಾಳೆ ಹಿಡಿದು, "ಸುತ್ತುತ್ತಾ ಇವೆ ತಾತ, ನಾನೇ ಕಂಡುಹಿಡಿದೆ" ಎಂದಳು. ಅಲ್ಲವೆನ್ನಲು ನನಗೆ ಮನಸ್ಸಾಗಲಿಲ್ಲ.

ಹಿರಿಯರಿಗೆ ಎರಡು ಮಾತು

ಮೊದಲೇ ಟೆಲಿಸ್ಕೋಪ್ ಬೇಕೆಂದಿಲ್ಲ. ಒಳ್ಳೆಯ ದುರ್ಬೀನು ಇದ್ದರೂ ಕೃತ್ತಿಕೆಯಲ್ಲಿ ಹತ್ತಾರು ನಕ್ಷತ್ರ ಎಣಿಸಬಹುದು. ಕತ್ತಲಲ್ಲಿ ಮಕ್ಕಳ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅರಳುತ್ತದೆ, ನಮ್ಮದು 5 ಆದರೆ ಹೆಚ್ಚು. ಆದ್ದರಿಂದ ನಮ್ಮ ವಯಸ್ಸಿನವರಿಗೆ 7x50ಕ್ಕಿಂತ 8x40 ಅಥವಾ 10x50 ವಾಸಿ. ಟೆಲಿಸ್ಕೋಪಿನಲ್ಲಿ ಸಮೀಪದೃಷ್ಟಿ, ದೂರದೃಷ್ಟಿ ಇರುವವರು ಕನ್ನಡಕ ತೆಗೆದು, ಫೋಕಸ್ ತಿರುಗಿಸಿಕೊಂಡು ನೋಡಬಹುದು.

ಚಂದ್ರನನ್ನು ಹುಣ್ಣಿಮೆಯಂದು ನೋಡಬೇಡಿ, ನೆರಳಿಲ್ಲದೆ ಚಪ್ಪಟೆಯಾಗಿ ಕಾಣುತ್ತಾನೆ. ಶುಕ್ಲಪಕ್ಷದ ಪಂಚಮಿಯಿಂದ ದಶಮಿಯವರೆಗೆ ಅವನ ಗುಂಡಿಗಳು ಸೊಗಸು. ಪೇಟೆಯ ದೀಪಗಳ ನಡುವೆಯೂ ಚಂದ್ರ, ಗುರು, ಶನಿ ಕಾಣುತ್ತಾರೆ. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಸೆರಗಿನಿಂದಲೋ ಪಂಚೆಯಿಂದಲೋ ಒರೆಸಲೇಬೇಡಿ. ಸಾಧ್ಯವಾದರೆ ಕೊಳ್ಳುವ ಮೊದಲು ತಾರಾಲಯದವರೋ ಹವ್ಯಾಸಿ ಸಂಘದವರೋ ಆಕಾಶ ತೋರಿಸುವ ದಿನ ಹೋಗಿ, ಬೇರೆ ಬೇರೆ ಟೆಲಿಸ್ಕೋಪ್‌ಗಳಲ್ಲಿ ಕಣ್ಣಿಟ್ಟು ನೋಡಿ.

ಏಪ್ರಿಲ್‌ನಲ್ಲಿ ಬೇಸಿಗೆ ರಜೆಗೆ ಮೊಮ್ಮಗಳು ಮತ್ತೆ ಬಂದಳು. ಉತ್ತರದಲ್ಲಿ ಸಪ್ತರ್ಷಿ ಮಂಡಲ ಮೇಲೇರಿತ್ತು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ತಾನೇ ಗುರಿ ಹಿಡಿದು, "ನೋಡಜ್ಜಿ, ವಸಿಷ್ಠ-ಅರುಂಧತಿ" ಎಂದಳು. 1617ರಲ್ಲಿ ಗೆಲಿಲಿಯೋನ ಶಿಷ್ಯ ಕಾಸ್ಟೆಲ್ಲಿ ಕಂಡಂತೆ, ವಸಿಷ್ಠವೇ ಎರಡು ನಕ್ಷತ್ರಗಳಾಗಿ ಒಡೆದು ನಿಂತಿತ್ತು. ಸ್ವಲ್ಪ ಆಚೆಗೆ ಅರುಂಧತಿ.

ಪೊರೆ ಆಪರೇಷನ್ ಆದ ಕಣ್ಣನ್ನು ಅವಳು ಬಹಳ ಹೊತ್ತು ಐಪೀಸಿನಿಂದ ತೆಗೆಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಮದುವೆ ದಿನ ಮಟಮಟ ಮಧ್ಯಾಹ್ನ ಪುರೋಹಿತರು 'ಅರುಂಧತಿ ಕಾಣ್ತಾಳೇನಮ್ಮ?' ಅಂದ್ರು. 'ಹೂಂ' ಅಂದುಬಿಟ್ಟಿದ್ದೆ. ಆ ಸುಳ್ಳು ಇವತ್ತು ನಿಜ ಆಯ್ತು ನೋಡಿ."