ಕಟ್ಟಡ ಅಳಿದರೂ ಹೆಸರು ಉಳಿಯಿತು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಗಿರಮಿಟ್ಟು, ಮಿರ್ಚಿ ಸವಿಯುವವರನ್ನು 'ಇಲ್ಲಿ ದುರ್ಗವೆಲ್ಲಿದೆ?' ಎಂದು ಕೇಳಿ ನೋಡಿರಿ, ನಕ್ಕುಬಿಡುತ್ತಾರೆ. ಸವಣೂರು ನವಾಬರ ಕಾಲದ ಕೋಟೆ ಎಂದೋ ಅಳಿಯಿತು. ಬಯಲು ಪೇಟೆಯಾಗಿ, ಕೋಟೆಯ ಹೆಸರನ್ನು ಮಾತ್ರ ಹೊತ್ತು ನಿಂತಿದೆ.

ಕಾರವಾರ ರಸ್ತೆಯ ಕಥೆಯೂ ಅದೇ. ಸುತ್ತಲೂ ಹತ್ತಿಯ ಸೀಮೆ; ರೈಲು ಬಂದ ಮೇಲೆ ಊರಿನಲ್ಲಿ ನೂಲಿನ ಗಿರಣಿಗಳೆದ್ದವು. ಗಿರಣಿಯ ಭೋಂಗಾ ಕೂಗಿದರೆ ಗಡಿಯಾರವಿಲ್ಲದ ಮನೆಗಳಿಗೂ ಹೊತ್ತು ತಿಳಿಯುತ್ತಿತ್ತು. ಇಂದು ಆ ಸದ್ದಡಗಿದೆ. ಆದರೂ 'ಭಾರತ ಮಿಲ್' ಎಂದರೆ ಸಾಕು, ರಿಕ್ಷಾದವನು ಮರುಮಾತಿಲ್ಲದೆ ಹೊರಡುತ್ತಾನೆ.

ಹೆಸರೂ ಉಳಿಯದವುಗಳ ಗತಿಯೇನು? ಇಂಗ್ಲಿಷ್ ಕಂಪನಿಯ ವ್ಯಾಪಾರದ ಕೋಠಿಯೊಂದು ಇದೇ ಊರಿನಲ್ಲಿತ್ತು. 1673ರಲ್ಲಿ ಶಿವಾಜಿಯ ಸೈನ್ಯ ಅದನ್ನು ಸೂರೆಗೊಂಡಿತೆಂದು ಚರಿತ್ರೆ ಹೇಳುತ್ತದೆ. ಯಾವ ಓಣಿಯೂ ಹೇಳುವುದಿಲ್ಲ.

ಉಳಿಸುವ ಮನಸ್ಸಿದ್ದರೆ ಮಾರ್ಗವುಂಟು. ನಿಲ್ದಾಣದ ಬಳಿ 1907ರ ಎರಡು ಕಲ್ಲಿನ ಮನೆಗಳನ್ನು ಕೆಡವದೆ, ರೈಲ್ವೆಯವರು 2020ರಲ್ಲಿ ವಸ್ತುಸಂಗ್ರಹಾಲಯವನ್ನಾಗಿಸಿದರು. ಮರೆಯಾದ ಮೀಟರ್ ಗೇಜಿನ ಕಾಲವನ್ನು ಮಕ್ಕಳು ಅಲ್ಲಿ ಕಾಣಬಹುದು.

ಆದರೆ ಮುಚ್ಚಿದ ಖಾನಾವಳಿಗೆ, ನೆಲಸಮವಾದ ಚಿತ್ರಮಂದಿರಕ್ಕೆ, ಬಾಗಿಲಿಕ್ಕಿದ ಜವಳಿ ಅಂಗಡಿಗೆ ಯಾವ ಸಂಗ್ರಹಾಲಯ? ಅವು ಬದುಕಿರುವುದು ಅಜ್ಜ-ಅಜ್ಜಿಯರ ಮಾತಿನಲ್ಲಿ ಮಾತ್ರ. ಆ ಮಾತು ನಿಂತ ದಿನ ಅವು ಎರಡನೆಯ ಬಾರಿ ಅಳಿಯುತ್ತವೆ. ಆದುದರಿಂದ ವಾಚಕರೇ, ಈ ಭಾನುವಾರ ಮನೆಯ ಹಿರಿಯರನ್ನು ಪೇಟೆಗೆ ಕರೆದೊಯ್ಯಿರಿ. 'ಇಲ್ಲಿ ಮೊದಲು ಏನಿತ್ತು?' ಎಂದು ಒಮ್ಮೆ ಕೇಳಿರಿ, ಕೇಳಿದ್ದನ್ನು ಬರೆದಿಡಿರಿ.